ಮೂರು ಚಿಮಣಿಗಳ ಒಪ್ಪಂದ

1937ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಬಾಯ್ಲರ್ ಇನ್ಸ್‌ಪೆಕ್ಟರ್ ಆಗಿ ಪುಣೆಗೆ ವರ್ಗವಾಗಿ ಬಂದೆ. ನಾನು ಧಾರವಾಡದವನು. ಆಗ ಧಾರವಾಡ, ಬೆಳಗಾವಿ, ಪುಣೆ ಎಲ್ಲವೂ ಮುಂಬಯಿ ಪ್ರಾಂತಕ್ಕೇ ಸೇರಿದ್ದರಿಂದ ಸರ್ಕಾರಿ ನೌಕರಿಯಲ್ಲಿದ್ದ ನಮ್ಮ ಕಡೆಯವರಿಗೆ ಪುಣೆ ಪರದೇಶವಾಗಿರಲಿಲ್ಲ. ಸದಾಶಿವ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದು ಸಂಸಾರ ಹೂಡಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್.

ನನ್ನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬೇಕು. ಬಾಯ್ಲರ್ ಎಂದರೆ ಕಲ್ಲಿದ್ದಲಿನ ಬೆಂಕಿಯಿಂದ ನೀರು ಕುದಿಸಿ ಉಗಿ ಮಾಡುವ ದೊಡ್ಡ ಕಬ್ಬಿಣದ ಕೊಳವೆ. ಗಿರಣಿಯ ಯಂತ್ರಗಳೆಲ್ಲ ಆ ಉಗಿಯ ಬಲದಿಂದ ತಿರುಗುತ್ತವೆ. ಒತ್ತಡ ಮಿತಿ ಮೀರಿದರೆ ಬಾಯ್ಲರ್ ಸಿಡಿದು ಸುತ್ತಲಿನವರನ್ನೆಲ್ಲ ಬಲಿ ತೆಗೆದುಕೊಳ್ಳುತ್ತದೆ. ಹಾಗಾಗದಂತೆ ವರ್ಷಕ್ಕೊಮ್ಮೆ ಅದರ ಒಳಹೊಕ್ಕು, ಸುತ್ತಿಗೆಯಿಂದ ತಟ್ಟಿ, ತುಕ್ಕು ಹಿಡಿದ ತಗಡು ಗುರುತಿಸಿ, ಸರಿಯಿದ್ದರೆ ಸರ್ಟಿಫಿಕೇಟ್ ಕೊಡುವುದು ನನ್ನ ಕರ್ತವ್ಯ. ಚಿಮಣಿಯಿಂದ ಎಂಥ ಹೊಗೆ ಹೊರಡುತ್ತದೆ ಎಂಬುದು ನನ್ನ ಅಧಿಕಾರಕ್ಕೆ ಸೇರಿದ ಮಾತಲ್ಲ. ಯಾರಾದರೂ ಕೇಳಿದರೆ ಸಲಹೆ ಕೊಡಬಹುದಿತ್ತು, ಅಷ್ಟೆ. ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ.

ಹಾಗೆ ಕೇಳಲು ಬಂದ ಮೊದಲ ಮನುಷ್ಯ ಮಲ್ಲಪ್ಪ ಶೆಟ್ಟರು. ಯೆರವಡೆಯ ಆಚೆ, ನದಿಯ ದಂಡೆಯ ತಗ್ಗಿನಲ್ಲಿ ಅವರ ಶೇಂಗಾ ಎಣ್ಣೆಯ ಗಿರಣಿ ಇತ್ತು. ಗೋಕಾಕದ ಕಡೆಯಿಂದ ಕಾಳಿನ ವ್ಯಾಪಾರಕ್ಕೆಂದು ಬಂದು ಗಿರಣಿ ಕಟ್ಟಿದವರು. ಐವತ್ತರ ಆಸುಪಾಸಿನ ವಯಸ್ಸು, ದೊಡ್ಡ ಮೈಕಟ್ಟು, ಹಣೆಗೆ ವಿಭೂತಿ. ನನ್ನ ಕಚೇರಿಗೆ ಬಂದವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

“ಸಾಹೇಬ್ರ, ಒಂದು ಸಲ ನಮ್ಮ ಗಿರಣಿಗೆ ಬರಬೇಕ್ರಿ.”

“ಬಾಯ್ಲರಿಗೆ ಏನಾರ ಆಗೇದೇನ್ರಿ?”

“ಬಾಯ್ಲರ್ ಛಲೋ ಅದರಿ. ಹೊಗಿ ಭಾಳ ಬರ್ತದ. ಅದನ್ನ ಕಡಿಮಿ ಮಾಡೂದು ಹ್ಯಾಂಗ ಅಂತ ಕೇಳಾಕ ಬಂದೇನಿ.”

ಇನ್ಸ್‌ಪೆಕ್ಟರನನ್ನು ಗಿರಣಿಯ ಮಾಲೀಕ ತಾನಾಗಿ ಕರೆಯುವುದು ನಾನು ಕಂಡಿರದ ಸಂಗತಿ. ಯಾರಾದರೂ ತಕರಾರು ಮಾಡಿದ್ದಾರೆಯೇ ಎಂದು ಕೇಳಿದೆ. ಯಾರೂ ಮಾಡಿಲ್ಲ ಎಂದರು. ರುಮಾಲಿನ ಅಂಚನ್ನು ತಿರುವುತ್ತ ಕಾರಣ ಹೇಳಿದರು. ಅವರ ಹೆಂಡತಿ ಗಂಗವ್ವನಿಗೆ ದಮ್ಮಿನ ಬೇನೆ. ಗಿರಣಿಯ ಆವರಣದಲ್ಲೇ ಮನೆ. ಹೊಗೆ ಇಳಿದ ದಿನ ಆಕೆಗೆ ಉಸಿರು ಸಿಗುತ್ತಿರಲಿಲ್ಲ. ಊರೊಳಗೆ ಮನೆ ಮಾಡಿ ನೋಡಿದರು. ಅಲ್ಲಿ ವಾಡೆಯ ಒಲೆಗಳ ಹೊಗೆ, ಅದೂ ಆಗಲಿಲ್ಲ. ಕೊನೆಗೆ ಡಾಕ್ಟರ ಮಾತು ಕೇಳಿ ಆಕೆಯನ್ನು ಗೋಕಾಕದ ತವರಿಗೆ ಕಳಿಸಿ ಐದು ವರ್ಷವಾಗಿತ್ತು.

“ಮಗಳ ಲಗ್ನ ಅಲ್ಲೇ ಆತ್ರಿ. ನಾ ಬೀಗರ ಗತೆ ಹೋಗಿ ಉಂಡು ಬಂದೆ,” ಎಂದರು. “ಗಿರಣಿ ಮುಚ್ಚಿ ನಾನೂ ಅಲ್ಲಿಗೇ ಹೋಗ್ಲೇನು ಅಂದ್ರ, ಇಷ್ಟು ಮಂದಿ ಇದರ ಮ್ಯಾಲ ನಿಂತಾರ. ನನಗೂ ಬ್ಯಾರೆ ಏನೂ ಬರಂಗಿಲ್ಲ.”

ಮರುದಿನವೇ ಹೋದೆ. ನನ್ನ ಹತ್ತಿರ ಒಂದು ಬಿಳಿಯ ರಟ್ಟು ಇತ್ತು. ಅದರ ಮೇಲೆ ಕಪ್ಪು ಗೆರೆಗಳ ಜಾಲರಿಯ ನಾಲ್ಕು ಚೌಕ, ಒಂದಕ್ಕಿಂತ ಒಂದು ದಟ್ಟ. ದೂರದಲ್ಲಿ ಹಿಡಿದು ನೋಡಿದರೆ ತಿಳಿಬೂದಿಯಿಂದ ಕಪ್ಪಿನವರೆಗೆ ನಾಲ್ಕು ಬಣ್ಣ ಕಾಣುತ್ತದೆ. ಅದರ ಪಕ್ಕದಲ್ಲಿ ಚಿಮಣಿಯ ಹೊಗೆಯನ್ನು ಹೋಲಿಸಿ ನೋಡಿ ನಂಬರು ಕೊಡುವುದು ನಮ್ಮ ಪದ್ಧತಿ. ಮಲ್ಲಪ್ಪನವರ ಚಿಮಣಿ ಬೆಳಗಿನ ಹೊತ್ತು ನಾಲ್ಕನೆಯ ನಂಬರಿನಿಂದ ಕೆಳಗಿಳಿಯಲೇ ಇಲ್ಲ.

ಕಾರಣ ಬಾಯ್ಲರ್ ಮನೆಯಲ್ಲಿ ಕಂಡಿತು. ಬೆಂಕಿಗೆ ಕಲ್ಲಿದ್ದಲು ಹಾಕುವವರಿಗೆ ಫೈರ್‌ಮನ್ ಎನ್ನುತ್ತಾರೆ. ಅವರು ಹತ್ತಾರು ಸಲಿಕೆ ಕಲ್ಲಿದ್ದಲನ್ನು ಒಮ್ಮೆಲೇ ಒಟ್ಟಿ, ಬಾಗಿಲು ಮುಚ್ಚಿ, ಬೀಡಿ ಹಚ್ಚಿಕೊಂಡು ಹೊರಗೆ ಕೂರುತ್ತಿದ್ದರು. ಹಾಗೆ ಒಟ್ಟಿದಾಗ ಬೆಂಕಿಗೆ ಗಾಳಿ ಸಾಲದೆ ಅರ್ಧ ಸುಟ್ಟ ಕಲ್ಲಿದ್ದಲು ಮಸಿಯಾಗಿ ಮೇಲೇಳುತ್ತದೆ. ಸ್ವಲ್ಪಸ್ವಲ್ಪವೇ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಕಿ, ಹಾಕಿದ ಮೇಲೆ ಬಾಗಿಲನ್ನು ಒಂದು ಕ್ಷಣ ಸಂದು ಬಿಟ್ಟು ಗಾಳಿ ಒಳಗೆ ಬಿಟ್ಟರೆ ಹೊಗೆ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಮೈಮುರಿಯುವ ಕೆಲಸ ಅದು. ಫೈರ್‌ಮನ್‌ಗೆ ಕೂರಲು ಬಿಡುವಿರುವುದಿಲ್ಲ. ಮಲ್ಲಪ್ಪನವರು ಕೇಳಿಕೊಂಡು, ಪಾಳಿಗೆ ಒಬ್ಬೊಬ್ಬರಂತೆ ಇದ್ದ ಫೈರ್‌ಮನ್‌ಗಳನ್ನು ಅಲ್ಲಿಯೇ ಇಬ್ಬಿಬ್ಬರು ಮಾಡಿದರು. ಪುಡಿ ಕಲ್ಲಿದ್ದಲು ಬಿಟ್ಟು ಗಟ್ಟಿ ಉಂಡೆಯ ಕಲ್ಲಿದ್ದಲು ತರಿಸಿದರು. ಎರಡು ತಿಂಗಳಲ್ಲಿ ಅವರ ಚಿಮಣಿ ಒಂದನೆಯ ನಂಬರಿಗೆ ಬಂತು.

ಆದರೂ ಗಂಗವ್ವ ಬರುವ ಹಾಗಾಗಲಿಲ್ಲ. ಆ ತಗ್ಗಿನಲ್ಲಿ ಇನ್ನೆರಡು ಚಿಮಣಿಗಳಿದ್ದವು. ಒಂದು ಲಿಮಯೆ ಎಂಬವರ ಹಿತ್ತಾಳೆ ತಗಡಿನ ಕಾರ್ಖಾನೆಯದು. ಇನ್ನೊಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯದು. ಅದರ ಮ್ಯಾನೇಜರು ವೆಬ್ ಎಂಬ ಆಂಗ್ಲ. ಚಳಿಗಾಲದ ಬೆಳಿಗ್ಗೆ ನದಿಯ ತಗ್ಗಿನಲ್ಲಿ ತಣ್ಣನೆಯ ಗಾಳಿ ಕದಲದೆ ನಿಲ್ಲುತ್ತದೆ. ಯಾರ ಚಿಮಣಿಯ ಹೊಗೆಯಾದರೂ ಎಲ್ಲರ ಅಂಗಳಕ್ಕೂ ಇಳಿಯುತ್ತದೆ.

ಮಲ್ಲಪ್ಪನವರು ಇಬ್ಬರನ್ನೂ ತಮ್ಮ ಮನೆಯ ಪಡಸಾಲೆಗೆ ಕರೆದರು. ನನ್ನನ್ನೂ ಕರೆದರು. ಸರ್ಕಾರದ ಮನುಷ್ಯ ಕೂತಿದ್ದರೆ ಮಾತಿಗೆ ತೂಕ ಬರುತ್ತದೆ ಎಂಬುದು ಅವರ ಎಣಿಕೆ. ಲಿಮಯೆ ಅವಸರದ ಮನುಷ್ಯ. ಚಹಾ ಮುಗಿಯುವುದರೊಳಗೆ ಕೇಳಿದರು, “ಇದು ಹುಕುಮೋ, ವಿನಂತಿಯೋ?”

“ವಿನಂತಿ,” ಎಂದೆ. “ಹುಕುಮು ಮಾಡಲು ನನಗೆ ಅಧಿಕಾರವಿಲ್ಲ.”

“ಬಘೂ ಯಾ,” ಎಂದರು. ನೋಡೋಣ ಎನ್ನುವ ಆ ಮಾತಿಗೆ ಪುಣೆಯಲ್ಲಿ ಇಲ್ಲ ಎಂದೇ ಅರ್ಥ.

ವೆಬ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ, “ನನ್ನ ತಂದೆ ಗಿರಣಿಯ ಊರಿನವರು. ಅಲ್ಲಿ ಹೊಗೆ ನಿಂತ ದಿನ ಜನ ಹೆದರುತ್ತಿದ್ದರು, ಕೆಲಸ ಹೋಯಿತೆಂದು. ನೀವು ಹೊಗೆ ಕಂಡು ಹೆದರುತ್ತೀರಿ.”

ಮಲ್ಲಪ್ಪನವರು ಹೆಂಡತಿಯ ಹೆಸರೆತ್ತಲಿಲ್ಲ. ಇಬ್ಬರನ್ನೂ ಎಬ್ಬಿಸಿಕೊಂಡು ವೆಬ್‌ನ ಕಾರ್ಖಾನೆಯ ಹಿಂದಿನ ಬಯಲಿಗೆ ನಡೆದರು. ಅಲ್ಲಿ ಬಣ್ಣ ಹಾಕಿದ ಬಟ್ಟೆಯನ್ನು ಬಿದಿರಿನ ಮೇಲೆ ಒಣಗಲು ಹಾಕಿದ್ದರು. ತಿಳಿಹಳದಿ ಬಟ್ಟೆಯ ಮೇಲೆ ಕರಿ ಚುಕ್ಕೆಗಳು ಕೂತಿದ್ದವು. ಮಲ್ಲಪ್ಪನವರು ಬೆರಳಿನಿಂದ ಒಂದನ್ನು ಒರೆಸಿದರು. ಅದು ಗೆರೆಯಾಗಿ ಹರಡಿತು.

“ಇದು ಲಿಮಯೆ ಅವರ ಚಿಮಣಿದೂ ಹೌದು, ವೆಬ್ ಸಾಹೇಬರದೂ ಹೌದು. ಹೋದ ವರ್ಷ ನಂದೂ ಇಲ್ಲೇ ಬೀಳ್ತಿತ್ತು. ಸಾಹೇಬರ ಬಟ್ಟಿ ಎಷ್ಟು ಸಲ ತೊಳದು ಮತ್ತ ಬಣ್ಣ ಹಾಕ್ತಾರ ಅಂತ ಅವರ ಮಂದೀನ್ನ ಕೇಳ್ರಿ,” ಎಂದು ನನಗೆ ಕನ್ನಡದಲ್ಲಿ ಹೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ವೆಬ್ ಬಟ್ಟೆಯನ್ನು ತಾನೂ ಒರೆಸಿ ನೋಡಿದ.  ವಾರದೊಳಗೆ ತನ್ನ ಬಾಯ್ಲರ್ ಮನೆಗೆ ಬರಲು ನನಗೆ ಹೇಳಿ ಕಳಿಸಿದ. ವೆಬ್ ಒಪ್ಪಿದ ಮೇಲೆ ಲಿಮಯೆ ಒಬ್ಬರೇ ಹೊರಗುಳಿಯಲು ಇಷ್ಟಪಡಲಿಲ್ಲ.

1938ರ ಬೇಸಿಗೆಯಲ್ಲಿ ಮೂವರೂ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಮೂರೂ ಕಾರ್ಖಾನೆಗಳು ಒಂದೇ ಗಣಿಯಿಂದ ಒಳ್ಳೆಯ ಕಲ್ಲಿದ್ದಲು ತರಿಸುವುದು, ವ್ಯಾಗನ್ನು ಸಿಗುವಂತೆ ನಮ್ಮ ಇಲಾಖೆ ರೈಲ್ವೆಗೆ ಶಿಫಾರಸು ಮಾಡುವುದು, ಫೈರ್‌ಮನ್‌ಗಳಿಗೆ ಪ್ರತಿ ಶನಿವಾರ ಮಧ್ಯಾಹ್ನ ನಾನು ಪಾಠ ಹೇಳುವುದು. ನನ್ನ ಮೇಲಧಿಕಾರಿ ಮೊದಲು ನಕ್ಕರು, ಆಮೇಲೆ ಸಹಿ ಹಾಕಿದರು. ಸರ್ಕಾರಕ್ಕೆ ಖರ್ಚಿಲ್ಲದ ಕೆಲಸ, ಮಾಡಿಕೊಳ್ಳಿ ಎಂದರು.

ಶನಿವಾರದ ಆ ಪಾಠಗಳನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಲಿಮಯೆಯವರ ಕಾರ್ಖಾನೆಯ ದಗಡು ಎಂಬ ಫೈರ್‌ಮನ್ ಎಲ್ಲರಿಗಿಂತ ಹೆಚ್ಚು ಜಗಳಗಂಟ. “ಸಾಹೇಬ, ಸಲಿಕೆ ನೀವೇ ಹಿಡಿದು ತೋರಿಸಿ,” ಎಂದು ಮೊದಲ ದಿನವೇ ನನ್ನ ಕೈಗೆ ಕೊಟ್ಟ. ಕೋಟು ಬಿಚ್ಚಿಟ್ಟು ತೋರಿಸಿದೆ. ಕೈಯಲ್ಲಿ ಬೊಬ್ಬೆ ಬಂದವು. ಎಲ್ಲರೂ ನಕ್ಕರು. ಆ ನಗುವಿನ ನಂತರ ಪಾಠ ಸಲೀಸಾಗಿ ನಡೆಯಿತು. ಯಾರ ಚಿಮಣಿ ಹೆಚ್ಚು ತಿಳಿಯಾಗಿದೆ ಎಂದು ಮೂರು ಕಾರ್ಖಾನೆಯವರು ತಮ್ಮತಮ್ಮಲ್ಲೇ ಪಂದ್ಯ ಹೂಡತೊಡಗಿದರು. ಅಂಗಳದಲ್ಲಿ ಹಪ್ಪಳ ಒಣಗಿಸುವುದನ್ನು ಬಿಟ್ಟಿದ್ದ ಹೆಂಗಸರು ಮತ್ತೆ ಒಣಗಿಸತೊಡಗಿದರು. ಇದನ್ನು ನನಗೆ ಹೇಳಿದ್ದು ದಗಡು. ಅವನ ಹೆಂಡತಿಯೂ ಅವರಲ್ಲಿ ಒಬ್ಬಳಂತೆ.

ಆ ವರ್ಷದ ದೀಪಾವಳಿಗೆ ಗಂಗವ್ವ ಪುಣೆಗೆ ಬಂದರು. ಹಬ್ಬಕ್ಕೆಂದು ಬಂದವರು ಹಬ್ಬ ಮುಗಿದ ಮೇಲೂ ಉಳಿದರು. ನನ್ನನ್ನೂ ನನ್ನ ಹೆಂಡತಿಯನ್ನೂ ಊಟಕ್ಕೆ ಕರೆದಿದ್ದರು. ಗಂಗವ್ವ ತೆಳ್ಳಗಿನ, ಎತ್ತರದ ಹೆಂಗಸು. ಮಾತಿನಲ್ಲಿ ಚುರುಕು. ಜೋಳದ ರೊಟ್ಟಿ ಬಡಿಸುತ್ತ, “ನಿಮ್ಮ ಶೆಟ್ಟರಿಗೆ ಆರು ವರ್ಷದಾಗ ಅಡಗಿ ಮಾಡಾಕ ಬರ್ತದ ಅಂತ ತಿಳದಿದ್ದೆ. ಅನ್ನ ಹತ್ತಸೂದು ಮಾತ್ರ ಕಲತಾರ,” ಎಂದರು. ಮಲ್ಲಪ್ಪನವರು ತಲೆ ಎತ್ತದೆ ಊಟ ಮಾಡುತ್ತಿದ್ದರು. ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಬೇನೆ ಪೂರ್ತಿ ಹೋಗಿರಲಿಲ್ಲ. ತಿಂಗಳಿಗೆ ಒಂದೆರಡು ದಿನ ದಮ್ಮು ಏಳುತ್ತಿತ್ತು. ಆದರೆ ಉಳಿದ ದಿನಗಳಲ್ಲಿ ಆಕೆ ಮನೆ ನಡೆಸುತ್ತಿದ್ದರು, ಸಂಜೆ ಗಂಡನೊಡನೆ ನದಿಯ ದಂಡೆಗೆ ಹೋಗಿ ಬರುತ್ತಿದ್ದರು, ಗಿರಣಿಯ ಹೆಂಗಸರ ಜಗಳ ಬಿಡಿಸುತ್ತಿದ್ದರು. ಮಗಳು ಬಾಣಂತನಕ್ಕೆ ಪುಣೆಗೇ ಬಂದಳು. ಮೊಮ್ಮಗಳನ್ನು ಗಂಗವ್ವ ಅದೇ ಅಂಗಳದಲ್ಲಿ ಬಿಸಿಲಿಗೆ ಹಿಡಿದು ಕೂರುತ್ತಿದ್ದರು.

ಮಲ್ಲಪ್ಪನವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಆಗ ಘಟ್ಟದ ಕಡೆಯಿಂದ ಜಲವಿದ್ಯುತ್ ಬರುತ್ತಿತ್ತು. ಬಾಯ್ಲರನ್ನೇ ತೆಗೆದುಹಾಕಿ ವಿದ್ಯುತ್ ಮೋಟಾರು ಹಾಕಿದರೆ ಯಂತ್ರ ತಿರುಗಿಸಲು ಬೆಂಕಿಯೇ ಬೇಡ. ನನ್ನೊಡನೆ ಕೂತು ಲೆಕ್ಕ ಹಾಕಿ 1939ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಮೋಟಾರುಗಳಿಗೆ ಆರ್ಡರ್ ಕೊಟ್ಟರು. ಲಿಮಯೆ ಕೂಡ ಅವರ ನಂತರ ತಾವೂ ಕೊಡುವುದಾಗಿ ಹೇಳಿದರು. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಮೋಟಾರು ಮಾಡುವ ಕಾರ್ಖಾನೆಗೆ ಸೇನೆಯ ಕೆಲಸ ಬಂತು. ಆರ್ಡರು ಅಲ್ಲಿಗೇ ನಿಂತಿತು.

ಯುದ್ಧದ ಮೊದಲ ಎರಡು ವರ್ಷ ನಮ್ಮ ಒಪ್ಪಂದ ಹೇಗೋ ನಡೆಯಿತು. 1942ರಲ್ಲಿ ಅದು ಮುರಿಯಿತು. ಮುರಿದವರು ಯಾರು ಎಂದರೆ ಹೇಳುವುದು ಕಷ್ಟ. ಒಳ್ಳೆಯ ಕಲ್ಲಿದ್ದಲೆಲ್ಲ ರೈಲ್ವೆಗೆ, ಹಡಗುಗಳಿಗೆ ಹೋಗತೊಡಗಿತು. ನಮಗೆ ಬಂದದ್ದು ಮಣ್ಣು ಬೆರೆತ ಪುಡಿ. ಅದನ್ನು ಎಷ್ಟು ಜಾಣತನದಿಂದ ಹಾಕಿದರೂ ಹೊಗೆಯೇ. ಅದೇ ಹೊತ್ತಿಗೆ ಮೂರೂ ಕಾರ್ಖಾನೆಗಳಿಗೆ ಯುದ್ಧದ ಕೆಲಸ ಬಂತು. ವೆಬ್‌ನಲ್ಲಿ ಖಾಕಿ ಬಟ್ಟೆ, ಲಿಮಯೆಯವರಲ್ಲಿ ಹಿತ್ತಾಳೆ ತಗಡು, ಮಲ್ಲಪ್ಪನವರಲ್ಲಿ ಎಣ್ಣೆ. ಹಗಲೂ ಇರುಳೂ ಬೆಂಕಿ ಉರಿಯಬೇಕಾಯಿತು. ದಗಡುವಿನಂತಹ ಕಲಿತ ಫೈರ್‌ಮನ್‌ಗಳು ರೈಲ್ವೆಗೂ ಸೇನೆಯ ಕಾರ್ಖಾನೆಗಳಿಗೂ ಹೋದರು. ಅವರ ಜಾಗಕ್ಕೆ ಬಂದವರು ಸಲಿಕೆಯನ್ನೇ ಹೊಸದಾಗಿ ಕಂಡವರು. ಶನಿವಾರದ ಪಾಠ ನಿಲ್ಲಿಸಲು ನನಗೆ ಸೂಚನೆ ಬಂತು. ಬಾಯ್ಲರ್ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಇನ್ನು ಮುಂದೆ ನನ್ನ ಕೆಲಸ.

ಮಲ್ಲಪ್ಪನವರು ನನ್ನನ್ನು ಕರೆದುಕೊಂಡು ಸರಬರಾಜು ಅಧಿಕಾರಿಯನ್ನು ಕಂಡರು. ಗಿರಣಿಯ ಎರಡು ಬಾಯ್ಲರುಗಳಲ್ಲಿ ಒಂದರ ಬೆಂಕಿ ಆರಿಸಿ, ಉಳಿದಿದ್ದ ಗಟ್ಟಿ ಕಲ್ಲಿದ್ದಲಿನಲ್ಲಿ ಇನ್ನೊಂದನ್ನೇ ನಡೆಸುತ್ತೇನೆ, ಎಣ್ಣೆ ಸ್ವಲ್ಪ ಕಡಿಮೆ ಕೊಡುತ್ತೇನೆ ಎಂದು ಕೇಳಿದರು. ಅಧಿಕಾರಿ ಕೆಟ್ಟ ಮನುಷ್ಯನಲ್ಲ. ದಣಿದಿದ್ದ.

“ನಿಮ್ಮ ಒಪ್ಪಂದ ಯಾವ ಕಾನೂನಿನ ಕೆಳಗೆ?” ಎಂದು ನನ್ನನ್ನು ಕೇಳಿದ.

“ಕಾನೂನಿನ ಕೆಳಗಲ್ಲ. ಅವರವರೇ ಒಪ್ಪಿಕೊಂಡದ್ದು.”

“ಹಾಗಾದರೆ ನಾನು ಅದನ್ನು ನೋಡಲಾರೆ,” ಎಂದ. “ಎಣ್ಣೆ ಕಡಿಮೆಯಾದರೆ ಗಿರಣಿಯನ್ನು ಬೇರೆಯವರಿಗೆ ವಹಿಸಬೇಕಾಗುತ್ತದೆ. ನನಗೂ ಮೇಲಿನವರಿದ್ದಾರೆ.”

ಹೊರಗೆ ಬಂದ ಮೇಲೆ ಮಲ್ಲಪ್ಪನವರು ಟಾಂಗಾ ಹಿಡಿದರು. ಬಂಡ್ ಗಾರ್ಡನ್ನಿನ ಸೇತುವೆ ದಾಟುವಾಗ, “ಗಿರಣಿ ಬಿಟ್ಟುಕೊಟ್ರ ಹೊಗಿ ನಿಲ್ಲಂಗಿಲ್ಲ ಅಲ್ರಿ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಬೇರೆಯವರ ಕೈಗೆ ಹೋದರೂ ಅದೇ ಪುಡಿ, ಅದೇ ಬೆಂಕಿ.

ಮಳೆಗಾಲ ಮುಗಿದು ಗಾಳಿ ನಿಂತ ಮೇಲೆ ಗಂಗವ್ವನಿಗೆ ದಮ್ಮು ಹೆಚ್ಚಿತು. ಗೋಕಾಕಕ್ಕೆ ಹೋಗಲು ಮಲ್ಲಪ್ಪನವರು ಎಷ್ಟೋ ಸಲ ಹೇಳಿದರು. ಆಕೆ ಒಪ್ಪಲಿಲ್ಲ. ನಮ್ಮ ಮನೆಯಲ್ಲಾದರೂ ಇದ್ದು ನೋಡಲಿ ಎಂದು ನನ್ನ ಹೆಂಡತಿ ಟಾಂಗಾ ತೆಗೆದುಕೊಂಡು ಹೋಗಿ ಕರೆತಂದಳು. ನಮ್ಮ ವಾಡೆಯಲ್ಲಿ ಬೆಳಗಾದರೆ ಎಲ್ಲರ ಬಚ್ಚಲ ಒಲೆ ಹೊತ್ತುತ್ತಿತ್ತು. ಕೆಲವು ದಿನ ನೋಡಿ ಗಂಗವ್ವ, “ಇಲ್ಲಿ ಹೊಗ್ಯಾಗ ಒಬ್ಬಾಕಿ ಇರೂದಕ್ಕಿಂತ ಅಲ್ಲಿ ಹೊಗ್ಯಾಗ ಅವರ ಜೋಡಿ ಇರ್ತೇನ್ರಿ,” ಎಂದು ಹೊರಟು ನಿಂತರು.

ಕೊನೆಯ ಪ್ರಯತ್ನವೆಂದು ಡಿಸೆಂಬರಿನಲ್ಲಿ ಮಲ್ಲಪ್ಪನವರು ನನ್ನನ್ನು ಮನೆಗೆ ಕರೆದರು. ತಮ್ಮ ಮಾತು ಕೇಳದಿದ್ದರೂ ಸರ್ಕಾರಿ ಸಾಹೇಬರ ಮಾತು ಕೇಳಿಯಾಳು ಎಂಬ ಆಸೆ. ಗಂಗವ್ವ ಪಡಸಾಲೆಯಲ್ಲಿ ಮೂರು ದಿಂಬುಗಳಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಕ್ಕಿಬೀಳುತ್ತಿತ್ತು. ಮಾತಿಗೆ ಮಾತಿಗೆ ನಿಲ್ಲಬೇಕಾಗುತ್ತಿತ್ತು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಚಳಿಗಾಲ ಕಳೆಯುವವರೆಗೆ ಮಾತ್ರ ಹೋಗಿಬನ್ನಿ, ಯುದ್ಧ ಮುಗಿದರೆ ಮೋಟಾರು ಬರುತ್ತವೆ ಎಂದೆ.

“ಯುದ್ಧ ಯಾವಾಗ ಮುಗೀತದರಿ?”

ಕೇಳಿದ ಆಕೆ ದಿಂಬಿನ ಮೇಲೆ ಮೈ ಸರಿಮಾಡಿಕೊಂಡರು.

“ಆರು ವರ್ಷ ಗೋಕಾಕದಾಗ ಛಲೋ ಗಾಳಿ ಕುಡದೇನ್ರಿ,” ಎಂದರು. “ಮಗಳು ಮೈನೆರೆದದ್ದು, ಲಗ್ನ ಆದದ್ದು, ಎಲ್ಲಾ ಒಬ್ಬಾಕಿನ ನೋಡಿದೆ. ಇವರು ಇಲ್ಲಿ ಸೀದ ಅನ್ನ ಉಣ್ಣಾಕತ್ತಿದ್ರು. ಉಸರಾಡಿದೆ ಖರೆ, ಬಾಳೇವು ಮಾಡಲಿಲ್ಲ. ಈ ನಾಕು ವರ್ಷ ಮಾಡೇನಿ. ಈಗ ನನ್ನ ಕಳಸಬ್ಯಾಡ್ರಿ.”

ಮಲ್ಲಪ್ಪನವರು ಕಂಬಕ್ಕೆ ಒರಗಿ ನಿಂತಿದ್ದರು. “ನಾ ಕಳಸಾಕತ್ತಿಲ್ಲ, ಗಂಗಾ. ಉಳಸಾಕ ನೋಡಾಕತ್ತೇನಿ,” ಎಂದರು. ಹೆಂಡತಿಯನ್ನು ಪರರ ಮುಂದೆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಗೊತ್ತದ,” ಎಂದರು ಆಕೆ. “ಕೂಡ್ರಿ. ನಿಂತರ ಕಾಲು ನೋಯ್ತಾವ ನಿಮಗ.”

ಅವರು ಕೂತರು. ನಾನು ಅಲ್ಲಿಂದ ಎದ್ದು ಬಂದೆ.

ಗಂಗವ್ವ ಜನವರಿಯಲ್ಲಿ, ಸಂಕ್ರಮಣ ಕಳೆದ ಮೇಲೆ ತೀರಿಕೊಂಡರು. ಎರಡು ದಿನ ತಗ್ಗಿನಲ್ಲಿ ಹೊಗೆ ಕದಲದೆ ನಿಂತಿತ್ತು. ಮಧ್ಯಾಹ್ನದಲ್ಲೂ ಎದುರಿನ ದಂಡೆ ಕಾಣುತ್ತಿರಲಿಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಬೆಳಗಿನ ಜಾವ ಗಂಡನ ಕೈ ಹಿಡಿದುಕೊಂಡಿದ್ದಂತೆಯೇ ಉಸಿರು ನಿಂತಿತು ಎಂದು ಮಗಳು ಆಮೇಲೆ ನನ್ನ ಹೆಂಡತಿಗೆ ಹೇಳಿದಳು.

ಸುದ್ದಿ ತಿಳಿದು ನಾವು ಹೋದಾಗ ಅಂಗಳದ ತುಂಬ ಜನ. ಗಿರಣಿಯನ್ನು ಮಲ್ಲಪ್ಪನವರು ನಿಲ್ಲಿಸಿದ್ದರು. ಅದರ ಚಿಮಣಿ ತಣ್ಣಗಿತ್ತು. ಲಿಮಯೆ ಬಂದು ಮೂಲೆಯಲ್ಲಿ ಟೋಪಿ ತೆಗೆದು ನಿಂತಿದ್ದರು. ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ನಾನೂ ಬೆಂಕಿ ಇಳಿಸಲು ಹೇಳಿ ಬಂದಿದ್ದೇನೆ. ಮಣ್ಣಾಗುವವರೆಗೆ ಹಾಕುವುದಿಲ್ಲ. ಏನಾಗುತ್ತದೋ ಆಗಲಿ.”

ಹತ್ತು ಗಂಟೆಯ ಸುಮಾರಿಗೆ ವೆಬ್‌ನ ಕಾರ್ಖಾನೆಯ ಯಂತ್ರದ ಸದ್ದೂ ನಿಂತಿತು. ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ನಡೆದು ಬಂದ. ನಮ್ಮ ರೀತಿನೀತಿ ತಿಳಿಯದೆ ಬಾಗಿಲ ಹೊರಗೇ ನಿಂತಿದ್ದ. ಮಲ್ಲಪ್ಪನವರು ಎದ್ದು ಹೋಗಿ ಅವನ ಕೈ ಹಿಡಿದು ಒಳಗೆ ಕರೆತಂದರು. ಅವನು ಗಂಗವ್ವನ ಪಾದದ ಬಳಿ ತಲೆ ಬಾಗಿ ನಿಂತ. ಹೊರಗೆ ಬಂದು ನನಗೆ ಹೇಳಿದ, “ಆಕೆ ನನ್ನ ಹೆಂಡತಿಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಬಹಳ ಪ್ರಯತ್ನ ಪಟ್ಟರು. ಆಗಲಿಲ್ಲ. ಇಬ್ಬರೂ ನಗುತ್ತಿದ್ದರು.” 

ಮಲ್ಲಪ್ಪನವರ ಜಾತಿಯಲ್ಲಿ ಹೂಳುವ ಪದ್ಧತಿ. ಗಂಗವ್ವನನ್ನು ವಿಮಾನದಲ್ಲಿ ಕೂರಿಸಿ, ಅಂದರೆ ಹೂವಿನಿಂದ ಸಿಂಗರಿಸಿದ ಬಿದಿರಿನ ಮಂಟಪದಲ್ಲಿ ಕೂರಿಸಿ, ಹೊತ್ತು ನಡೆದರು. ದಂಡೆಯ ಹಾದಿ ಹಿಡಿಯುವ ಹೊತ್ತಿಗೆ ಬಿಸಿಲು ಬಂದಿತ್ತು. ಹೊಗೆ ಕರಗಿತ್ತು. ಎದುರಿನ ದಂಡೆ, ಗಿಡಗಳು, ಬಟ್ಟೆ ಒಗೆಯುವವರು ಎಲ್ಲ ಕಾಣುತ್ತಿದ್ದರು. ಜನ ಅದನ್ನು ಗಮನಿಸಿದರು. ಮಲ್ಲಪ್ಪನವರು ಒಮ್ಮೆ ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ ಕಣ್ಣು ನೆಲಕ್ಕೆ ಇಳಿಸಿ ನಡೆದರು.

ಮಧ್ಯಾಹ್ನ ಮೂರೂ ಕಡೆ ಮತ್ತೆ ಬೆಂಕಿ ಹಾಕಿದರು. ಕೆಲಸ ನಿಂತದ್ದರ ಬಗ್ಗೆ ಮೇಲಧಿಕಾರಿಗಳು ನನ್ನಿಂದ ವಿವರಣೆ ಕೇಳಿದರು. ನಡೆದದ್ದನ್ನು ನಡೆದಂತೆ ಬರೆದು ಕಳಿಸಿದೆ. ಮೇಲಿನಿಂದ ಮತ್ತೇನೂ ಬರಲಿಲ್ಲ.

ಯುದ್ಧ ಮುಗಿದ ಮರುವರ್ಷ, 1946ರಲ್ಲಿ ಮೋಟಾರುಗಳು ಬಂದವು. ಮರದ ಪೆಟ್ಟಿಗೆಗಳು ಅಂಗಳದಲ್ಲಿ ಇಳಿದ ದಿನ ಮಲ್ಲಪ್ಪನವರು ನನ್ನನ್ನು ಕರೆಸಿದ್ದರು. ಪೆಟ್ಟಿಗೆ ಒಡೆದದ್ದನ್ನು ನೋಡಲು ಅವರು ಹೊರಗೆ ಬರಲಿಲ್ಲ. ಪಡಸಾಲೆಯಲ್ಲಿ ಕೂತು, ಎಲ್ಲ ಸರಿ ಇದೆಯೇ ಎಂದು ಅಲ್ಲಿಂದಲೇ ಕೇಳಿದರು. ಸರಿ ಇದೆ ಎಂದೆ.

“ಹಾಕಿಬಿಡ್ರಿ,” ಎಂದರು. “ದಗಡೂನ ಹೆಂಡತೀಗೂ ಈಗ ದಮ್ಮು ಶುರು ಆಗೇದಂತ. ಮತ್ತ ಯಾರ್ಯಾರಿಗೆ ಅದನೋ. ಲಗೂನ ಹಾಕ್ರಿ.”

ಗಂಗವ್ವ ಇದ್ದಾಗ ಅವರ ಚಿಂತೆ ಆಕೆಯೊಬ್ಬಳದೇ ಆಗಿತ್ತು. ಆಕೆ ಹೋದ ಮೇಲೆ ಆ ತಗ್ಗಿನಲ್ಲಿ ಯಾರು ಕೆಮ್ಮುತ್ತಾರೆ, ಯಾರ ಮನೆಯಲ್ಲಿ ಕೂಸಿಗೆ ಉಸಿರಾಟದ ತೊಂದರೆ ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದರು. ಲಿಮಯೆಯವರನ್ನು ಬೆನ್ನು ಹತ್ತಿ ಅವರಿಂದಲೂ ಮೋಟಾರಿಗೆ ಆರ್ಡರ್ ಕೊಡಿಸಿದರು. ವೆಬ್ 1947ರಲ್ಲಿ ತನ್ನ ದೇಶಕ್ಕೆ ಹೊರಟ. ಹೊರಡುವ ಮೊದಲು ಹೊಸ ಮ್ಯಾನೇಜರನ್ನು ಕರೆದುಕೊಂಡು ಬಂದು ಮಲ್ಲಪ್ಪನವರಿಗೆ ಪರಿಚಯ ಮಾಡಿಕೊಟ್ಟ. “ಈ ಮನುಷ್ಯ ಹೇಳಿದ್ದನ್ನು ಕೇಳು,” ಎಂದನಂತೆ. ಅಷ್ಟರಲ್ಲಿ ಮಲ್ಲಪ್ಪನವರ ತಲೆ ಪೂರ್ತಿ ನೆರೆತಿತ್ತು. ಸಂಜೆ ನದಿಯ ಕಡೆ ಹೋಗುವುದನ್ನು ಅವರು ಬಿಟ್ಟಿದ್ದರು.

ಅದಾದ ಮೇಲೆ ನನ್ನ ನೌಕರಿ ಇನ್ನೂ ಕೆಲವು ವರ್ಷ ಇತ್ತು. ಸೊಲ್ಲಾಪುರ, ಹುಬ್ಬಳ್ಳಿ, ಅಹಮದಾಬಾದು ತಿರುಗಿದೆ. ಹೊಗೆ ಕಡಿಮೆ ಮಾಡಲು ಕಾರ್ಖಾನೆಯವರೂ ಸರ್ಕಾರವೂ ಸೇರಿ ಮಾಡಿಕೊಂಡ ಬೇರೆ ಒಪ್ಪಂದಗಳಲ್ಲಿ ನನಗೂ ಪಾಲಿತ್ತು. ಪ್ರತಿ ಸಲವೂ ಕರಡು ಬರೆಯಲು ಕೂತಾಗ ನಾನು ಮೊದಲು ಬರೆಸುತ್ತಿದ್ದದ್ದು ಒಂದೇ ಕಲಮು. ಕಲ್ಲಿದ್ದಲು ಕೆಟ್ಟದ್ದು ಬಂದಾಗ, ಕೆಲಸಗಾರರು ಸಿಗದಾಗ, ಮೇಲಿನಿಂದ ಹೆಚ್ಚು ಮಾಲು ಕೇಳಿದಾಗ ಯಾವ ಬೆಂಕಿ ಮೊದಲು ಆರಿಸಬೇಕು, ಅದನ್ನು ಆರಿಸಲು ಹೇಳುವ ಅಧಿಕಾರ ಯಾರದು. ಮಾಲೀಕರು ಮುಖ ಸಿಂಡರಿಸುತ್ತಿದ್ದರು. ಒಳ್ಳೆಯ ಕೆಲಸ ಆರಂಭಿಸುವಾಗ ಕೆಟ್ಟದ್ದೇಕೆ ಯೋಚಿಸುತ್ತೀರಿ ಎನ್ನುತ್ತಿದ್ದರು. ಕಚೇರಿಯಲ್ಲೂ ಅದನ್ನು ಹೊಡೆದುಹಾಕಲು ಹೇಳಿದವರುಂಟು.

ಪುಣೆಯಲ್ಲಿ ನಾವು ನಾಲ್ವರೂ ಒಳ್ಳೆಯ ಮನಸ್ಸಿನಿಂದಲೇ ಕೂಡಿದ್ದೆವು. ಯಾರೂ ಮಾತಿಗೆ ತಪ್ಪಲಿಲ್ಲ. ಗಾಳಿ ತಿಳಿಯಾದದ್ದು ಆ ಮನಸ್ಸಿನಿಂದಲೇ ನಿಜ. ಆದರೆ ದಿನ ಕೆಟ್ಟಾಗ ಒಪ್ಪಂದವನ್ನು ಉಳಿಸಿಕೊಳ್ಳಲು ಮನಸ್ಸು ಸಾಲಲಿಲ್ಲ. ಸರಬರಾಜು ಅಧಿಕಾರಿ ಕಾನೂನು ಯಾವುದೆಂದು ಕೇಳಿದಾಗ ನಮ್ಮಲ್ಲಿ ತೋರಿಸಲು ಏನೂ ಇರಲಿಲ್ಲ. ಆ ಕಲಮನ್ನು ಹೊಡೆಯಲು ನಾನು ಎಂದೂ ಒಪ್ಪಲಿಲ್ಲ. ಕಾರಣ ಕೇಳಿದವರಿಗೆ, ಯೆರವಡೆಯ ಆಚೆ ಒಬ್ಬ ಹೆಣ್ಣುಮಗಳಿದ್ದರು ಎಂದು ಶುರು ಮಾಡಿ ಇಷ್ಟನ್ನೂ ಹೇಳುತ್ತಿದ್ದೆ.